ಕೊಡದ ಬಾಯಿಗೆ ಕಟ್ಟಿದ ಅರಿವೆ: ನಾರು ಹುಣ್ಣು ನಮ್ಮೂರು ಬಿಟ್ಟುಹೋದ ಕಥೆ

ನಮ್ಮ ತಂಡದ ಗೆಳೆಯನೊಬ್ಬನ ಅಜ್ಜಿಗೆ ಎಂಬತ್ತು ದಾಟಿದೆ. ಊರು ಉತ್ತರ ಕರ್ನಾಟಕದ ಎರೆಭೂಮಿಯ ಕಡೆ. ಅಜ್ಜಿಯ ಬಲಗಾಲಿನ ಹರಡಿನ ಹತ್ತಿರ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಹಳೆಯ ಕಲೆ ಇದೆ. ಹೋದ ಬೇಸಿಗೆಯಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಕೇಳಿದೆವು: “ಯಮ್ಮಾ, ಕಾಲಿಗೆ ಇದೇನ ಆಗಿತ್ತ?”

“ನಾರು ಎದ್ದಿತ್ತೋ ತಮ್ಮಾ. ಬಿತ್ತಿಗಿ ಹೊತ್ತಿನ್ಯಾಗ ಎರಡ ತಿಂಗಳ ಹಾಸಗಿ ಹಿಡದೆ. ನಿಮ್ಮ ಮುತ್ಯಾ ಒಬ್ಬವನ ಏನ ಮಾಡತಾನ? ಆ ವರ್ಷ ಅರ್ಧ ಹೊಲಾ ಬೀಳ ಬಿತ್ತು.”

ನಾರು ಎಂದರೆ ನಮಗೆ ಗೊತ್ತಿದ್ದದ್ದು ಪುಂಡಿಯ ನಾರು, ತೆಂಗಿನ ನಾರು. ಕಾಲಿನಿಂದ ಏಳುವ ನಾರು ಗೊತ್ತಿರಲಿಲ್ಲ. ಅಜ್ಜಿ ಬಿಡಿಸಿ ಹೇಳಿದರು. ಮೊದಲು ಕಾಲಿನಲ್ಲಿ ಒಂದು ಗುಳ್ಳೆ. ಅದಕ್ಕೆ ಕೆಂಡ ಇಟ್ಟಂಥ ಉರಿ. ಗುಳ್ಳೆ ಒಡೆದ ಮೇಲೆ ಬಿಳಿ ದಾರದಂಥ ಹುಳದ ತುದಿ ಹೊರಗೆ ಕಾಣುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಎಳೆಯಬೇಕು. ಅವಸರ ಮಾಡಿ ಎಳೆದರೆ ಹುಳ ಒಳಗೇ ಹರಿದು, ಕಾಲು ಬಾತು ಕೀವು ತುಂಬುತ್ತದೆ. ಪೂರ್ತಿ ಹೊರಗೆ ಬರಲು ವಾರಗಟ್ಟಲೆ ಬೇಕು. ಬಂದ ಮೇಲೆ ಅಳೆದರೆ ಸುಮಾರು ಒಂದು ಮೀಟರ್ ಉದ್ದ!

ಇದು ಕೇಳಿದ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಹೆಚ್ಚಿನವರು ಹುಟ್ಟಿದ್ದೇ 2000ದ ಆಚೀಚೆ. ಇಂಥ ಹುಣ್ಣನ್ನು ನಾವು ಕಣ್ಣಾರೆ ನೋಡಿಲ್ಲ. ನೀವೂ ನಲವತ್ತರ ಒಳಗಿನವರಾಗಿದ್ದರೆ ನೋಡಿರುವುದು ಕಷ್ಟ. ಇವತ್ತು ಊರಿನ ಆಸ್ಪತ್ರೆಗೆ ಬರುವ ಹೊಸ ವೈದ್ಯರು ಸಹ ಇದನ್ನು ಪುಸ್ತಕದಲ್ಲಷ್ಟೇ ಓದಿದವರು.

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ನಡೆದದ್ದನ್ನು ಬರೆಯಲು ಕಲಿಸಿದರು. ನಡೆಯುವುದು ನಿಂತುಹೋದರೆ ಅದನ್ನು ಬರೆಯುವವರು ಕಡಿಮೆ. ಸಾವಿರಾರು ಊರುಗಳಲ್ಲಿ ವರ್ಷ ವರ್ಷ ಜನರನ್ನು ಹಾಸಿಗೆಗೆ ಹಾಕುತ್ತಿದ್ದ ರೋಗವೊಂದು ನಿಂತಿತು. ಅದಕ್ಕೆ ಲಸಿಕೆ ಇರಲಿಲ್ಲ. ಗುಳಿಗೆಯೂ ಇರಲಿಲ್ಲ. ಹಾಗಾದರೆ ಹೇಗೆ ನಿಂತಿತು? ಇದನ್ನು ಹುಡುಕಿಕೊಂಡು ಹೋದಾಗ ನಮಗೆ ಸಿಕ್ಕ ಇತಿಹಾಸವನ್ನು ಇಲ್ಲಿ ಹೇಳುತ್ತೇವೆ.

ಹುಳದ ದಾರಿ

ನಾರು ಹುಣ್ಣು ಹೊಸ ರೋಗವಲ್ಲ. ಈಜಿಪ್ಟಿನ ಸಾವಿರಾರು ವರ್ಷ ಹಳೆಯ ಶವವೊಂದರ ಒಳಗೆ ಸುಣ್ಣಗಟ್ಟಿದ ಈ ಹುಳ ಸಿಕ್ಕಿದೆ. ನಮ್ಮ ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಇದಕ್ಕೆ ಸ್ನಾಯುಕ ಎಂಬ ಹೆಸರಿದೆ. ಆಫ್ರಿಕಾದ ಗಿನಿ ಕರಾವಳಿಯಲ್ಲಿ ಕಂಡ ಯುರೋಪಿನವರು ಗಿನಿ ಹುಳ ಎಂದು ಕರೆದರು. ಕಡ್ಡಿಗೆ ಸುತ್ತಿ ತೆಗೆಯುವ ಪದ್ಧತಿ ಎಲ್ಲ ಕಡೆಯೂ ಒಂದೇ.

ಆದರೆ ಹುಳ ಎಲ್ಲಿಂದ ಬರುತ್ತದೆ ಎಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಕೆಲವರು ಪಾಪದ ಫಲ ಎಂದರು, ಕೆಲವರು ರಕ್ತ ಕೆಟ್ಟಿದೆ ಎಂದರು. 1870ರ ಸುಮಾರಿಗೆ ಮಧ್ಯ ಏಷ್ಯಾದಲ್ಲಿ ಕೆಲಸ ಮಾಡುತ್ತಿದ್ದ ರಷ್ಯಾದ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ ಒಂದು ಸಂಗತಿ ಕಂಡುಹಿಡಿದರು. ಈ ಹುಳದ ಮರಿಗಳು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯ ಒಳಗೆ ಸೇರಿಕೊಳ್ಳುತ್ತವೆ ಎಂದು ತೋರಿಸಿದರು. ಸೈಕ್ಲಾಪ್ಸ್ ಎಂದರೆ ನಿಂತ ನೀರಿನಲ್ಲಿ ಕುಪ್ಪಳಿಸುವ ನೀರುಚಿಗಟ. ಒಂದೆರಡು ಮಿಲಿಮೀಟರ್ ಉದ್ದ, ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕಿಯಂತೆ ಕಾಣುತ್ತದೆ.

ಈಗ ಪೂರ್ತಿ ದಾರಿ ನೋಡಿ. ಮರಿ ಇರುವ ನೀರುಚಿಗಟವನ್ನು ನಾವು ನೀರಿನ ಜೊತೆ ಕುಡಿಯುತ್ತೇವೆ. ಹೊಟ್ಟೆಯಲ್ಲಿ ಚಿಗಟ ಸಾಯುತ್ತದೆ, ಮರಿಗಳು ಹೊರಬಿದ್ದು ಕರುಳಿನ ಗೋಡೆ ದಾಟಿ ಮೈಯೊಳಗೆ ಸೇರುತ್ತವೆ. ಗಂಡು ಹುಳ ಕೂಡಿದ ಮೇಲೆ ಸಾಯುತ್ತದೆ. ಹೆಣ್ಣು ಹುಳ ಸದ್ದಿಲ್ಲದೆ ಬೆಳೆಯುತ್ತದೆ. ಸುಮಾರು ಒಂದು ವರ್ಷದ ಮೇಲೆ, ಹೆಚ್ಚಾಗಿ ಕಾಲಿನಲ್ಲಿ, ಗುಳ್ಳೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಉರಿ ತಡೆಯಲಾಗದೆ ಮನುಷ್ಯ ಕಾಲನ್ನು ತಣ್ಣೀರಿನಲ್ಲಿ ಇಡುತ್ತಾನೆ. ಹುಳ ಕಾಯುತ್ತಿದ್ದದ್ದೂ ಅದಕ್ಕೇ. ನೀರು ತಾಗಿದ ತಕ್ಷಣ ಅದು ಲಕ್ಷಗಟ್ಟಲೆ ಮರಿಗಳನ್ನು ಬಿಡುತ್ತದೆ. ಅವನ್ನು ನೀರುಚಿಗಟಗಳು ತಿನ್ನುತ್ತವೆ. ಎರಡು ವಾರದಲ್ಲಿ ಆ ನೀರು ಇನ್ನೊಬ್ಬರಿಗೆ ರೋಗ ತರಲು ಸಿದ್ಧವಾಗುತ್ತದೆ.

ಅಂದರೆ ಈ ವರ್ಷ ಒಬ್ಬರು ಬಾವಿಗೆ ಕಾಲಿಟ್ಟರೆ ಮುಂದಿನ ವರ್ಷ ಆ ಬಾವಿಯ ನೀರು ಕುಡಿದ ಹತ್ತಾರು ಮನೆಗಳಲ್ಲಿ ಜನ ಮಲಗುತ್ತಾರೆ. ಒಂದು ವರ್ಷದ ಅಂತರ ಇರುವುದರಿಂದ ಕಾರಣಕ್ಕೂ ಕಾಯಿಲೆಗೂ ಇರುವ ನಂಟು ಯಾರ ಕಣ್ಣಿಗೂ ಬೀಳುವುದಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ ಎಂದೂ ಇಲ್ಲ. ವರ್ಷ ವರ್ಷ ಬರಬಹುದು.

ಮೆಟ್ಟಿಲು ಬಾವಿ

ನಮ್ಮ ಬಯಲುಸೀಮೆಯ ಹಳೆಯ ಊರುಗಳಲ್ಲಿ ಮೆಟ್ಟಿಲು ಬಾವಿಗಳನ್ನು ನೀವು ನೋಡಿರುತ್ತೀರಿ. ನೀರು ಎಷ್ಟು ಕೆಳಗೆ ಹೋದರೂ ಮೆಟ್ಟಿಲು ಇಳಿದು ಕೊಡ ತುಂಬಬಹುದು. ಹಗ್ಗ ಬೇಡ, ಗಾಲಿ ಬೇಡ. ಬರಗಾಲದ ನಾಡಿಗೆ ಒಪ್ಪುವಂತೆ ಹಿರಿಯರು ಕಟ್ಟಿದ ಜಾಣ ಏರ್ಪಾಡು ಅದು.

ಆದರೆ ಕೊನೆಯ ಮೆಟ್ಟಿಲ ಮೇಲೆ ನಿಂತು ಕೊಡ ಅದ್ದುವಾಗ ಕಾಲು ನೀರಿನೊಳಗೆ ಇರುತ್ತದೆ. ಹುಳಕ್ಕೆ ಅಷ್ಟೇ ಸಾಕು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಚಿಗಟಗಳು ಒತ್ತೊತ್ತಾಗಿರುತ್ತವೆ, ಜನರಿಗೆ ಬೇರೆ ನೀರೂ ಇರುವುದಿಲ್ಲ. ಆಗ ಕುಡಿದದ್ದು ಮುಂದಿನ ಬೇಸಿಗೆಯ ಕೊನೆಗೆ, ಬಿತ್ತನೆಯ ಹೊತ್ತಿಗೆ ಹೊರಬರುತ್ತದೆ. ಅಜ್ಜಿಯ ಹೊಲ ಬೀಳು ಬಿದ್ದದ್ದು ಹೀಗೆ. ಈ ರೋಗದಿಂದ ಸಾಯುವವರು ಕಡಿಮೆ. ಆದರೆ ಮಳೆ ಬಂದ ವಾರ ರೈತ ಮಲಗಿದರೆ ಆ ಮನೆಯ ವರ್ಷವೇ ಹೋಯಿತು. ತಾಯಿ ಮಲಗಿದರೆ ಮಗಳ ಶಾಲೆ ನಿಂತಿತು.

ಗುಣ ಮಾಡುವ ಔಷಧ ಇಲ್ಲ ಎಂದಮೇಲೆ ದಾರಿಯನ್ನು ಎಲ್ಲಾದರೂ ಕಡಿಯಬೇಕು. ಕಡಿಯಬಹುದಾದ ಜಾಗ ನಾಲ್ಕೇ ನಾಲ್ಕು. ಹುಣ್ಣು ಎದ್ದವರು ಕುಡಿಯುವ ನೀರಿಗೆ ಕಾಲಿಡಬಾರದು. ಬಾವಿಯಲ್ಲಿರುವ ಚಿಗಟಗಳನ್ನು ಸಾಯಿಸಬೇಕು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು. ಇಲ್ಲವೇ ಯಾರೂ ಕಾಲಿಡಲಾಗದ ಬೇರೆ ನೀರು ತರಬೇಕು.

ಇದು ಆಗುವ ಮಾತೇ? ಆಗುತ್ತದೆ ಎಂದು ಮೊದಲೇ ತೋರಿಸಿದ ಊರು ಬುಖಾರಾ. ಈಗಿನ ಉಜ್ಬೇಕಿಸ್ತಾನದಲ್ಲಿದೆ. ಅಲ್ಲಿ ಊರ ತುಂಬ ಮೆಟ್ಟಿಲಿರುವ ಹೊಂಡಗಳಿದ್ದವು. ಅವರು ಅವಕ್ಕೆ ಹೌಜ್ ಎನ್ನುತ್ತಿದ್ದರು, ನಮ್ಮ ಕಡೆ ನೀರಿನ ತೊಟ್ಟಿಗೆ ಹೌದು ಎನ್ನುತ್ತೇವಲ್ಲ, ಎರಡೂ ಒಂದೇ ಮೂಲದ ಮಾತು. 1920ರ ದಶಕದಲ್ಲಿ ಲಿಯೋನಿಡ್ ಇಸಾಯೆವ್ ಎಂಬ ವೈದ್ಯರ ಮುಂದಾಳತ್ವದಲ್ಲಿ ಆ ಹೊಂಡಗಳನ್ನು ಶುದ್ಧ ಮಾಡಿ, ಮುಚ್ಚಿ, ರೋಗಿಗಳನ್ನು ಹುಡುಕಿ ಆರೈಕೆ ಮಾಡಿದರು. 1930ರ ದಶಕದ ಆರಂಭದ ಹೊತ್ತಿಗೆ ಅಲ್ಲಿ ನಾರು ಹುಳ ಇಲ್ಲವಾಯಿತು.

ಮನೆ ಮನೆ ಎಣಿಕೆ

ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಯಾಯಿತು. ಅದನ್ನು ಓಡಿಸಲು ಕಲಿತ ದೊಡ್ಡ ಪಾಠ ಎಂದರೆ ಮನೆ ಮನೆಗೆ ಹೋಗಿ ರೋಗಿಯನ್ನು ಹುಡುಕುವುದು. ಅದೇ ಪಾಠವನ್ನು ಇಟ್ಟುಕೊಂಡು 1983-84ರಲ್ಲಿ ಭಾರತ ಸರ್ಕಾರ ನಾರು ಹುಣ್ಣಿನ ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಇಡೀ ದೇಶದ ಮಟ್ಟದಲ್ಲಿ ಇಂಥ ಕಾರ್ಯಕ್ರಮ ಹಾಕಿಕೊಂಡ ಮೊದಲ ದೇಶ ನಮ್ಮದು. ರೋಗ ಇದ್ದದ್ದು ಏಳು ರಾಜ್ಯಗಳಲ್ಲಿ: ರಾಜಸ್ಥಾನ, ಮಧ್ಯಪ್ರದೇಶ, ಗುಜರಾತ್, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡು ಮತ್ತು ನಮ್ಮ ಕರ್ನಾಟಕ.

ಆರೋಗ್ಯ ಕಾರ್ಯಕರ್ತರು ವರ್ಷಕ್ಕೆ ಎರಡು ಸಲವಾದರೂ ಹಳ್ಳಿ ಹಳ್ಳಿ ತಿರುಗಿ ಬಾಗಿಲು ಬಡಿದು ಕೇಳಬೇಕಿತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ನಾರು ಎದ್ದಿದೆಯೇ? ಹೊಲದಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ಅದೇ ಪ್ರಶ್ನೆ. 1984ರಲ್ಲಿ ದೇಶದಲ್ಲಿ ಸಿಕ್ಕ ರೋಗಿಗಳ ಸಂಖ್ಯೆ ಸುಮಾರು 40 ಸಾವಿರ. ರೋಗ ಇದ್ದ ಹಳ್ಳಿಗಳು 12 ಸಾವಿರಕ್ಕೂ ಹೆಚ್ಚು.

ಈ ಎಣಿಕೆ ನಡೆದ ದಾರಿಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಆಗ ಎಷ್ಟೋ ಊರುಗಳಿಗೆ ಬಸ್ಸೇ ಇರಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಮೇ ತಿಂಗಳ ಬಿಸಿಲಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದುಹೋದವರ ಹೆಸರು ಯಾವ ಶಿಲೆಯ ಮೇಲೂ ಇಲ್ಲ. ಒಂದು ಮನೆ ಬಿಟ್ಟರೆ ಆ ಮನೆಯ ಒಂದು ಹುಳ ಮುಂದಿನ ವರ್ಷ ಇಡೀ ಊರಿಗೆ ತಿರುಗಿ ಬರುತ್ತಿತ್ತು. ಆದ್ದರಿಂದ ಬಾಗಿಲು ಬಿಡುವ ಹಾಗಿರಲಿಲ್ಲ.

ಊರ ಬಾವಿಯನ್ನು ಮಾತ್ರ ಶುದ್ಧ ಮಾಡಿ ಕೇರಿಯ ಬಾವಿಯನ್ನು ಬಿಡುವ ಹಾಗೂ ಇರಲಿಲ್ಲ. ನಮ್ಮ ಊರುಗಳಲ್ಲಿ ಬಾವಿಗೂ ಜಾತಿ ಇತ್ತು ಎಂಬುದನ್ನು ಯಾರೂ ಮುಚ್ಚಿಡಬೇಕಾಗಿಲ್ಲ. ದಲಿತರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ದೂರದ, ಕೆಟ್ಟ ನೀರು. ಆದರೆ ಕೇರಿಯಿಂದ ಕೂಲಿಗೆ ಹೋದವರು ಗೌಡರ ಹೊಲದ ಬಾವಿಯಲ್ಲೂ ಇಳಿಯಬೇಕಾಗುತ್ತಿತ್ತು. ಹುಳಕ್ಕೆ ಯಾರ ಕಾಲಾದರೂ ಒಂದೇ. ಒಬ್ಬರ ನೀರು ಕೆಟ್ಟಿರುವ ತನಕ ಯಾರ ನೀರೂ ಒಳ್ಳೆಯದಲ್ಲ ಎಂಬುದನ್ನು ಈ ರೋಗ ಎಲ್ಲರಿಗೂ ಒಂದೇ ಸಮನೆ ಕಲಿಸಿತು.

ಅರಿವೆ ಕಟ್ಟಿದ ಕೈಗಳು

ರೋಗ ಇದ್ದ ಊರುಗಳಲ್ಲಿ ಬಾವಿಗೆ ಟೆಮಿಫಾಸ್ ಎಂಬ ಔಷಧವನ್ನು ಅಳತೆ ಮಾಡಿ ಹಾಕುತ್ತಿದ್ದರು. ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಲೆಕ್ಕ. ಅದು ಚಿಗಟಗಳನ್ನು ಸಾಯಿಸುತ್ತದೆ, ಆ ಅಳತೆಯಲ್ಲಿ ಜನರಿಗೆ ತೊಂದರೆ ಇಲ್ಲ. ಹುಣ್ಣು ಎದ್ದವರಿಗೆ ಪಟ್ಟಿ ಕಟ್ಟಿ, ನೀರಿಗೆ ಇಳಿಯಬೇಡಿ ಎಂದು ಹೇಳುತ್ತಿದ್ದರು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸುತ್ತಿದ್ದರು.

ಈ ಮೂರರಲ್ಲಿ ಸರ್ಕಾರದ ಕೈಯಲ್ಲಿ ಪೂರ್ತಿ ಇದ್ದದ್ದು ಮೊದಲನೆಯದು ಮಾತ್ರ. ಉಳಿದ ಎರಡೂ ಮನೆಯವರ ಕೈಯಲ್ಲಿದ್ದವು. ಸೋಸುವುದು ಕೇಳಲು ಸುಲಭ. ಮಾಡಿ ನೋಡಿದರೆ ಗೊತ್ತಾಗುತ್ತದೆ. ಒತ್ತಾದ ನೇಯ್ಗೆಯ ಅರಿವೆಯನ್ನು ಮಡಚಿ ಕೊಡದ ಬಾಯಿಗೆ ಬಿಗಿಯಾಗಿ ಕಟ್ಟಬೇಕು. ನೀರು ನಿಧಾನ ಇಳಿಯುತ್ತದೆ, ಹಿಂದೆ ಸರದಿಯಲ್ಲಿ ನಿಂತವರು ಗೊಣಗುತ್ತಾರೆ. ಸೋಸಿದ ಮೇಲೆ ಅರಿವೆಯನ್ನು ಒಗೆಯಬೇಕು. ಮರುದಿನ ಅದೇ ಮಗ್ಗುಲನ್ನು ಮೇಲೆ ಮಾಡಿ ಕಟ್ಟಬೇಕು. ತಿರುವುಮುರುವಾದರೆ ನಿನ್ನೆ ಹಿಡಿದಿಟ್ಟ ಚಿಗಟ ಇವತ್ತು ಕೊಡದೊಳಗೆ ಬೀಳುತ್ತದೆ. ದಿನಕ್ಕೆ ನಾಲ್ಕೈದು ಕೊಡ, ವರ್ಷದ ಅಷ್ಟೂ ದಿನ. ಒಂದು ದಿನ ತಪ್ಪಿದರೂ ಫಲ ಕಾಣುವುದು ಮುಂದಿನ ವರ್ಷ.

ಇದನ್ನು ಮಾಡಿದವರು ಹೆಚ್ಚು ಕಡಿಮೆ ಎಲ್ಲರೂ ಹೆಂಗಸರು. ನೀರು ತರುವ ಕೆಲಸ ಅವರದ್ದೇ ಆಗಿತ್ತು, ಈಗಲೂ ಅವರದ್ದೇ ಆಗಿದೆ. “ಅರಿವಿ ಕಟ್ಟೂದು ನಮಗ ಹೊಸಾದೇನಲ್ಲ” ಎಂದರು ಅಜ್ಜಿ. “ಕಸಾ ಬರತಿತ್ತಂತ ಮೊದಲೂ ಕಟ್ಟತಿದ್ವಿ. ಹುಳದ ಮಾತ ತಿಳದ ಮ್ಯಾಲ ಬಿಡದ ಕಟ್ಟಿದ್ವಿ.” ನೀರು ಸೋಸಿ ಕುಡಿಯುವುದು ಜೈನರ ಮನೆಗಳಲ್ಲಿ ಶತಮಾನಗಳಿಂದ ಧರ್ಮವೇ ಆಗಿತ್ತು. ಊರಿಗೆ ಗೊತ್ತಿದ್ದ ಕೆಲಸಕ್ಕೆ ಒಂದು ಗಟ್ಟಿ ಕಾರಣ ಸಿಕ್ಕಿತು, ಅಷ್ಟೇ.

ಹಳೆಯ ಅರಿವೆಯ ಬಲವನ್ನು ಕಡಿಮೆ ಎಂದು ತಿಳಿಯಬೇಡಿ. ಮುಂದೆ ಬಾಂಗ್ಲಾದೇಶದಲ್ಲಿ ರೀಟಾ ಕಾಲ್ವೆಲ್ ಎಂಬ ವಿಜ್ಞಾನಿ ಮತ್ತು ಅವರ ತಂಡ 65 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದ ಕಡೆ ಕಾಲರಾ ಸುಮಾರು ಅರ್ಧಕ್ಕೆ ಇಳಿದಿತ್ತು. 2003ರಲ್ಲಿ ಇದು ಪ್ರಕಟವಾಯಿತು. ಹೊಸ ಸೀರೆಗಿಂತ ಹಳೆಯದೇ ಮೇಲು, ಒಗೆದು ಒಗೆದು ಎಳೆ ಮೆತ್ತಗಾಗಿ ಸಂದು ಸಣ್ಣದಾಗಿರುತ್ತದೆ ಎಂಬುದನ್ನೂ ಅವರು ಕಂಡರು.

ಇನ್ನೊಂದು ಕಷ್ಟದ ಕೆಲಸ ರೋಗಿಯದ್ದು. ಕಾಲು ಉರಿಯುತ್ತಿದೆ, ಬಾವಿ ಎದುರಿಗಿದೆ, ಮೆಟ್ಟಿಲು ಇಳಿದು ಕಾಲಿಟ್ಟರೆ ತಂಪಾಗುತ್ತದೆ. ಇಳಿಯದೆ ಕೂರಬೇಕು. ಇಳಿಯದೆ ಕೂತದ್ದರಿಂದ ಅವನ ನೋವು ಕಡಿಮೆಯಾಗುವುದಿಲ್ಲ, ಅವನಿಗೆ ಯಾವ ಲಾಭವೂ ಇಲ್ಲ. ಲಾಭ ಮುಂದಿನ ವರ್ಷ ನೆರೆಮನೆಯವರಿಗೆ. ತನಗೆ ಗೊತ್ತೇ ಇಲ್ಲದ ಒಬ್ಬರ ಕಾಲು ಉಳಿಸಲು ತನ್ನ ಉರಿಯನ್ನು ತಡೆದುಕೊಂಡವರು ಈ ಕಥೆಯಲ್ಲಿ ಸಾವಿರಾರು ಜನ.

ಬೋರಿಂಗು ಬಂತು

ಜನರ ಕೆಲಸವಷ್ಟೇ ಸಾಕಾಗುತ್ತಿರಲಿಲ್ಲ. ಬೇರೆ ನೀರು ಬೇಕಿತ್ತು. 1967ರ ಬಿಹಾರದ ಬರಗಾಲದ ನಂತರ ಕಲ್ಲುನೆಲವನ್ನು ಕೊರೆಯುವ ಯಂತ್ರಗಳು ಯೂನಿಸೆಫ್ ಮೂಲಕ ನಮ್ಮ ದೇಶಕ್ಕೆ ಬಂದವು. ಕೊಳವೆ ಬಾವಿ ಕೊರೆದರೂ ಮೇಲೆ ಕೂರಿಸಿದ ಕೈಪಂಪುಗಳು ಬೇಗ ಕೆಡುತ್ತಿದ್ದವು. ಒಂದು ಮನೆಗೆಂದು ಮಾಡಿದ ಪಂಪನ್ನು ಇಡೀ ಊರು ಹೊಡೆದರೆ ಎಷ್ಟು ದಿನ ಬಾಳೀತು? ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರದಲ್ಲಿ ಗಟ್ಟಿಯಾದ ಒಂದು ಪಂಪು ತಯಾರಾಯಿತು. ಅದನ್ನು ಮೂಲವಾಗಿಟ್ಟುಕೊಂಡು ತಿದ್ದಿ 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಕೈಪಂಪು ಮಾಡಿದರು. ಶಾಲೆಯ ಮುಂದೆ, ಗುಡಿಯ ಹಿಂದೆ ಈಗಲೂ ನಿಂತಿರುವ ಆ ಕಬ್ಬಿಣದ ಪಂಪು ಅದೇ. ನಮ್ಮ ಕಡೆ ಬೋರಿಂಗು ಎಂದರೇ ಎಲ್ಲರಿಗೂ ತಿಳಿಯುವುದು.

ಕರ್ನಾಟಕದಲ್ಲಿ ಈ ಕೆಲಸದ ಜೊತೆ ಒಂದು ಹೆಸರು ಬೆರೆತುಹೋಗಿದೆ. ಅಬ್ದುಲ್ ನಜೀರ್ ಸಾಬ್. 1983ರಲ್ಲಿ ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿದರು. ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದರು. 1988ರಲ್ಲಿ ತೀರಿಕೊಂಡರೂ ಹಳಬರ ಬಾಯಲ್ಲಿ ಆ ಹೆಸರು ಹಾಗೇ ಇದೆ. ಅವರ ಗುರಿ ಇದ್ದದ್ದು ಕುಡಿಯುವ ನೀರಿನ ಮೇಲೆ. ಆದರೆ ನಾರು ಹುಣ್ಣಿನ ಊರಿನಲ್ಲಿ ಎದ್ದ ಒಂದೊಂದು ಬೋರಿಂಗೂ ಹುಳದ ದಾರಿಗೆ ಅಡ್ಡ ನಿಂತಿತು. ಮುಚ್ಚಿದ ಕೊಳವೆಯೊಳಗೆ ಯಾರ ಕಾಲೂ ಹೋಗುವುದಿಲ್ಲ.

ಬೋರಿಂಗು ಕೆಟ್ಟರೆ ಜನ ಮತ್ತೆ ಮೆಟ್ಟಿಲು ಬಾವಿಗೆ ಹೋಗುತ್ತಿದ್ದರು. ಆದ್ದರಿಂದ ರಿಪೇರಿಯೂ ಆರೋಗ್ಯದ ಕೆಲಸವೇ ಆಯಿತು. ರಾಜಸ್ಥಾನದ ಬಾಂಸವಾಡ, ಡುಂಗರಪುರ, ಉದಯಪುರ ಕಡೆಯ ಆದಿವಾಸಿ ಹಳ್ಳಿಗಳಲ್ಲಿ ರೋಗ ಬಹಳ ಇತ್ತು. ಅಲ್ಲಿ 1980ರ ದಶಕದಲ್ಲಿ ಊರ ಹೆಂಗಸರಿಗೇ ಕೈಪಂಪು ರಿಪೇರಿ ಕಲಿಸಿದರು. ಪಾನಾ ಹಿಡಿದು ಪಂಪು ಬಿಚ್ಚುವ ಹೆಂಗಸರನ್ನು ನೋಡಿ ಮೊದಲು ನಕ್ಕವರು, ನೀರು ಬಂದ ಮೇಲೆ ಕೊಡ ಹಿಡಿದು ಸರದಿಯಲ್ಲಿ ನಿಂತರು.

ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡುವ ಕೆಲಸವೂ ನಡೆಯಿತು. ಮೆಟ್ಟಿಲು ಮುಚ್ಚಿ, ಸುತ್ತ ಗೋಡೆ ಎತ್ತಿ, ಗಾಲಿ ಕೂರಿಸುವುದು. ಎಲ್ಲರೂ ಖುಷಿಯಿಂದ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಆ ಬಾವಿಗಳಲ್ಲಿ ಗಂಗವ್ವನ ಪೂಜೆ ಇತ್ತು, ಮದುವೆಯ ನೀರು ತರುವ ಶಾಸ್ತ್ರ ಇತ್ತು. ಹೆಂಗಸರು ನಾಲ್ಕು ಮಾತಾಡಿ ಹಗುರಾಗುವ ಜಾಗವೂ ಅದೇ ಆಗಿತ್ತು. ಅಜ್ಜನ ಅಜ್ಜ ಕುಡಿದ ನೀರು ಈಗ ವಿಷವೇ ಎಂದು ಹಿರಿಯರು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ. ಅವರಿಗೆ ಗಾಜಿನ ಲೋಟದಲ್ಲಿ ಕುಪ್ಪಳಿಸುವ ಚಿಗಟವನ್ನು ತೋರಿಸಿದ ಮೇಲೆ ಮಾತು ಮುಂದೆ ಹೋಗುತ್ತಿತ್ತು. ಕಣ್ಣಿಗೆ ಕಂಡದ್ದನ್ನು ಯಾರು ಅಲ್ಲಗಳೆಯುತ್ತಾರೆ?

ಸೊನ್ನೆಯವರೆಗೆ

ಎಣಿಕೆ ಇಳಿಯುತ್ತ ಬಂತು. 1984ರಲ್ಲಿ ಸುಮಾರು 40 ಸಾವಿರ ಇದ್ದ ರೋಗಿಗಳು 1990ರಲ್ಲಿ 5 ಸಾವಿರಕ್ಕಿಂತ ಕಡಿಮೆ. 1993ರಲ್ಲಿ ಸಾವಿರದ ಒಳಗೆ. 1995ರಲ್ಲಿ ಇಡೀ ದೇಶದಲ್ಲಿ 60 ಜನ. 1996ರಲ್ಲಿ 9 ಜನ. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ.

ಕೊನೆಯ ಹತ್ತು ಜನರನ್ನು ಹುಡುಕುವುದು ಮೊದಲ ಹತ್ತು ಸಾವಿರ ಜನರನ್ನು ಹುಡುಕುವುದಕ್ಕಿಂತ ಕಷ್ಟ. ರೋಗ ಕಡಿಮೆಯಾದ ಹಾಗೆ ಜನರ ಗಮನವೂ ಕಡಿಮೆಯಾಗುತ್ತದೆ. ಆದ್ದರಿಂದ ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನ ಎಂದು ಸಾರಿದರು. ಬಂದ ಗಾಳಿಸುದ್ದಿಗಳನ್ನೂ ಬಿಡದೆ ಹೋಗಿ ನೋಡಿದರು. ಮೂರು ವರ್ಷ ಒಬ್ಬ ರೋಗಿಯೂ ಸಿಗದೆ, ಹುಡುಕುವುದೂ ನಿಲ್ಲದೆ ನಡೆದ ಮೇಲೆ, 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರು ಹುಳದಿಂದ ಮುಕ್ತವಾದ ದೇಶ ಎಂದು ಸಾರಿತು.

ಜಗತ್ತಿನ ಉಳಿದ ಕಡೆ ಹೋರಾಟ ಮುಂದುವರಿಯಿತು. 1980ರ ದಶಕದ ನಡುವೆ ಆಫ್ರಿಕಾ ಮತ್ತು ಏಷ್ಯಾದಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಇದು ಬರುತ್ತಿತ್ತು ಎಂಬ ಅಂದಾಜಿದೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1986ರಿಂದ ಇದಕ್ಕೆ ಬೆನ್ನಿಗೆ ನಿಂತರು. 1995ರಲ್ಲಿ ಸುಡಾನಿನ ಅಂತರ್ಯುದ್ಧವನ್ನೇ ಕೆಲವು ತಿಂಗಳು ನಿಲ್ಲಿಸಿ, ಆರೋಗ್ಯ ಕಾರ್ಯಕರ್ತರು ಹಳ್ಳಿಗಳಿಗೆ ಹೋಗುವಂತೆ ಮಾಡಿದರು. ತಾನು ಸಾಯುವ ಮೊದಲು ಕೊನೆಯ ಹುಳ ಸಾಯಲಿ ಎಂಬುದು ಅವರ ಆಸೆಯಾಗಿತ್ತು. 2024ರ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಆಸೆ ಪೂರ್ತಿ ಈಡೇರಲಿಲ್ಲ, ಆದರೆ ಬಹಳ ಹತ್ತಿರ ಬಂದಿತ್ತು. 2023ರಲ್ಲಿ ಇಡೀ ಜಗತ್ತಿನಲ್ಲಿ ಸಿಕ್ಕ ರೋಗಿಗಳು 14 ಜನ. ಆಫ್ರಿಕಾದ ಚಾಡ್ ಮುಂತಾದ ದೇಶಗಳಲ್ಲಿ ನಾಯಿಗಳಲ್ಲೂ ಈ ಹುಳ ಕಂಡಿರುವುದರಿಂದ ಕೊನೆಯ ಹೆಜ್ಜೆ ತಡವಾಗುತ್ತಿದೆ.

ಅರಿವೆಯಲ್ಲಿ ನಿಲ್ಲದ್ದು

ಇಲ್ಲಿಗೆ ಕಥೆ ಮುಗಿಸಿ ಚಪ್ಪಾಳೆ ತಟ್ಟಬಹುದಿತ್ತು. ಆದರೆ ಬರೆಯಬೇಕಾದದ್ದು ಇನ್ನೂ ಸ್ವಲ್ಪ ಇದೆ.

ಹುಳದಿಂದ ಉಳಿಸಿದ ಅದೇ ಕೊಳವೆ ಬಾವಿಗಳು ಆಳಕ್ಕೆ ಹೋದಂತೆ ಕೆಲವು ಕಡೆ ಫ್ಲೋರೈಡ್ ತಂದವು. ರಾಯಚೂರು, ಕೊಪ್ಪಳ, ಗದಗ, ತುಮಕೂರು ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆಗಳನ್ನು ನೋಡಿದ್ದೀರಿ. ಹಿರಿಯರ ಬೆನ್ನು, ಮೊಣಕಾಲು ಬಿಗಿದುಕೊಂಡದ್ದನ್ನೂ ನೋಡಿದ್ದೀರಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಫ್ಲೋರೈಡ್ ಅರಿವೆಯಲ್ಲಿ ನಿಲ್ಲುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಇದಕ್ಕೆ ಮನೆಯವರ ಶ್ರಮ ಸಾಲದು. ನದಿಯ ನೀರು ತರುವುದು, ಶುದ್ಧ ನೀರಿನ ಘಟಕ ಕೆಡದಂತೆ ನಡೆಸುವುದು, ನೀರನ್ನು ಪರೀಕ್ಷೆ ಮಾಡಿ ಫಲಿತಾಂಶವನ್ನು ಪಂಚಾಯ್ತಿ ಗೋಡೆಯ ಮೇಲೆ ಬರೆಸುವುದು ಸರ್ಕಾರದ ಮತ್ತು ಪಂಚಾಯ್ತಿಯ ಕೆಲಸ. ಅಲ್ಲಿ ನಮ್ಮ ಪಾಲಿನ ಕೆಲಸ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವುದು. ಎಲ್ಲವನ್ನೂ ಜನರ ಮೇಲೆ ಹಾಕುವುದೂ ತಪ್ಪು, ಎಲ್ಲವನ್ನೂ ಸರ್ಕಾರದ ಮೇಲೆ ಬಿಡುವುದೂ ತಪ್ಪು. ನಾರು ಹುಣ್ಣು ಹೋದದ್ದು ಎರಡೂ ಕೈ ಸೇರಿದಾಗ.

ಮನೆಯವರ ಕೈಯಲ್ಲೇ ಇರುವ ಕೆಲಸ ಇವತ್ತೂ ಒಂದಿದೆ. ಡೆಂಗಿ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಬೇಕಾಯಿತು. ಡೆಂಗಿಯ ಸೊಳ್ಳೆ ಗಟಾರದ್ದಲ್ಲ, ನಮ್ಮ ಮನೆಯ ತಿಳಿನೀರಿನದ್ದು. ಮುಚ್ಚದ ಡ್ರಮ್ಮು, ಹೌದು, ದನದ ಬಾನಿ, ಮಾಳಿಗೆಯ ಮೇಲಿನ ಟೈರು, ತೆಂಗಿನ ಚಿಪ್ಪು ಅದರ ಮನೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ, ಹತ್ತು ದಿನ ಸಾಕು. ಹುಟ್ಟಿದ ಜಾಗದಿಂದ ಅದು ಬಹಳ ದೂರ ಹಾರುವುದೂ ಇಲ್ಲ. ನಮ್ಮ ಡ್ರಮ್ಮಿನ ಸೊಳ್ಳೆ ಕಚ್ಚುವುದು ನಮ್ಮನ್ನು ಮತ್ತು ನಮ್ಮ ಓಣಿಯವರನ್ನು.

ಡೆಂಗಿಯ ವೈರಸ್ಸನ್ನು ಕೊಲ್ಲುವ ಗುಳಿಗೆಯೂ ಇಲ್ಲ. ಇಲ್ಲಿಯೂ ದಾರಿ ಕಡಿಯುವುದೇ ಮದ್ದು. ವಾರಕ್ಕೊಮ್ಮೆ ನೀರು ಚೆಲ್ಲಿ, ಡ್ರಮ್ಮಿನ ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ, ಬಾಯಿಗೆ ಅರಿವೆ ಕಟ್ಟಬೇಕು. ತಿಕ್ಕದಿದ್ದರೆ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಆಶಾ ಕಾರ್ಯಕರ್ತೆಯರು ಟಾರ್ಚು ಹಿಡಿದು ಬಂದು ಡ್ರಮ್ಮಿನಲ್ಲಿ ಇಣುಕಿದಾಗ ನಮ್ಮಲ್ಲಿ ಕೆಲವರು ಬೇಸರ ಮಾಡಿಕೊಳ್ಳುತ್ತೇವೆ. ಲಾರ್ವಾ ಕಂಡ ಕಡೆ ಹಾಕುವ ಔಷಧದ ಹೆಸರು ಕೇಳಿ ನೋಡಿ. ಹೆಚ್ಚಿನ ಕಡೆ ಅದು ಟೆಮಿಫಾಸ್, ನಲವತ್ತು ವರ್ಷದ ಹಿಂದೆ ನಾರು ಹುಣ್ಣಿನ ಬಾವಿಗೆ ಹಾಕಿದ್ದೇ. ಬಾಗಿಲು ಬಡಿಯುವವರೂ ಅದೇ ಸಾಲಿನವರು. ಆಗ ಚೀಲ ಹೊತ್ತು ನಡೆದು ಬಂದವರ ಮುಂದಿನ ಪೀಳಿಗೆ ಇವರು.

ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ದುಡ್ಡು ಕೂಡಿಡುವಾಗ ಹೇಳುತ್ತೇವೆ. ಅದು ರೋಗಕ್ಕೂ ಸರಿ, ಆರೋಗ್ಯಕ್ಕೂ ಸರಿ. ಒಬ್ಬರ ಕಾಲಿನಿಂದ ಬಾವಿ ಕೆಡುತ್ತಿತ್ತು. ಅದೇ ಊರಿನ ನೂರು ಮನೆಯವರು ನೂರು ಅರಿವೆ ಕಟ್ಟಿದ್ದರಿಂದ ಆ ಬಾವಿಯ ರೋಗ ಸತ್ತಿತು.

ಹೊರಡುವಾಗ ಅಜ್ಜಿ ನಮಗೆ ಕುಡಿಯಲು ನೀರು ಕೊಟ್ಟರು. ಮನೆಗೆ ಈಗ ನಳ ಬಂದಿದೆ. ಆದರೂ ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು. “ಈಗ್ಯಾಕ ಯಮ್ಮಾ ಇದು? ನಾರು ಹೋಗಿ ಎಷ್ಟ ವರ್ಷ ಆತು!” ಎಂದ ನಮ್ಮ ಗೆಳೆಯ.

“ಹೋಗೇತಿ ಖರೆ. ಕಟ್ಟಿದ್ದಕ್ಕ ಹೋಗೇತಿ” ಎಂದರು ಅಜ್ಜಿ, ತಂಬಿಗೆ ಮುಂದೆ ಚಾಚುತ್ತ.

ನಿಮ್ಮ ಮನೆಯಲ್ಲೂ ಎಪ್ಪತ್ತು, ಎಂಬತ್ತು ದಾಟಿದ ಹಿರಿಯರಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ನಾರು ಹುಣ್ಣಿನ ಮಾತು ತೆಗೆದು ನೋಡಿ. ಯಾವ ಬಾವಿ, ಯಾವ ವರ್ಷ, ಯಾರು ಕಡ್ಡಿಗೆ ಸುತ್ತಿ ತೆಗೆದರು ಎಂದು ಕೇಳಿ, ಬರೆದಿಡಿ. ಆಮೇಲೆ ಟಾರ್ಚು ತೆಗೆದುಕೊಂಡು ಹಿತ್ತಲಿನ ಡ್ರಮ್ಮಿನಲ್ಲೂ ಒಮ್ಮೆ ಇಣುಕಿ.